ಯಾರದೋ ಟಾನ್ಸಿಲ್ ನುಡಿದ ಸಾಕ್ಷಿ

ತುರಿಕೆಯ ಬಗ್ಗೆ ಗಂಭೀರವಾಗಿ ಬರೆಯುವುದು ಕಷ್ಟ. ಹೃದ್ರೋಗಕ್ಕೆ ಒಂದು ಘನತೆಯಿದೆ. ಎದೆ ಹಿಡಿದುಕೊಂಡು ಕೂತವನನ್ನು ಕಂಡರೆ ನೆಂಟರು ದನಿ ತಗ್ಗಿಸುತ್ತಾರೆ, ಯಾರಾದರೂ ಎದ್ದು ಟಿವಿ ಆರಿಸುತ್ತಾರೆ. ಬೆನ್ನು ಕೆರೆದುಕೊಳ್ಳುತ್ತಾ ಕೂತವನಿಗೆ ಈ ಮರ್ಯಾದೆ ಸಲ್ಲುವುದಿಲ್ಲ. 'ಸೋಪು ಬದಲಾಯಿಸಿ ನೋಡಿ' ಎನ್ನುತ್ತಾರೆ. ನನಗೆ ಹಾಗೆ ಹೇಳಿದವರಲ್ಲಿ ನೆಂಟರು, ನೆರೆಯವರು, ಶ್ರೀನಗರದ ನಮ್ಮ ಬೀದಿಯಲ್ಲಿ ಹೂವು ಮಾರುವಾಕೆ ಮತ್ತು ಯಾವುದೋ ಮದುವೆಯಲ್ಲಿ ಪಕ್ಕದ ಎಲೆಗೆ ಕೂತಿದ್ದ ಒಬ್ಬ ಅಪರಿಚಿತರು ಸೇರಿದ್ದಾರೆ. ಎಲ್ಲರ ಮಾತನ್ನೂ ನಡೆಸಿಕೊಟ್ಟೆ. ಬಚ್ಚಲಿನಲ್ಲಿ ಸೋಪುಗಳು ಬಂದವು, ಕರಗಿದವು, ಹೋದವು. ತುರಿಕೆ ಮಾತ್ರ ಖಾಯಂ ಹುದ್ದೆಯಲ್ಲಿ ಮುಂದುವರಿಯಿತು.

ವಾಸಿಯಾದ ಮೇಲೆ ಬರೆಯೋಣ ಎಂದು ಕಾದಿದ್ದೆ. ಅದು ಆಗುವ ಲಕ್ಷಣ ಕಾಣದ್ದರಿಂದ ಈಗಲೇ ಬರೆಯುತ್ತಿದ್ದೇನೆ. ವಾರಕ್ಕೊಮ್ಮೆ ಮಾತ್ರೆ, ದಿನವೂ ಮುಲಾಮು, ಆಗಾಗ ಆಸ್ಪತ್ರೆಯ ಬೆಂಚು. ಇಷ್ಟರಲ್ಲಿ ನಾನೂ ಕಾಯಿಲೆಯೂ ಒಂದೇ ಮನೆಯಲ್ಲಿ ಮಾತುಬಿಟ್ಟ ಇಬ್ಬರು ಅಣ್ಣತಮ್ಮಂದಿರಂತೆ ಬದುಕುತ್ತಿದ್ದೇವೆ. ಆ ಬೆಂಚಿನ ಮೇಲೆ ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕಿಕೊಂಡು, ಮಣಿಕಟ್ಟಿನ ಗುಂಡಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುವ ಯಾರಾದರೂ ಇದನ್ನು ಓದಿದರೆ, ಪಕ್ಕದಲ್ಲಿ ಇನ್ನೊಬ್ಬ ಕೂತಿದ್ದಾನೆಂದು ಅವರಿಗೆ ಗೊತ್ತಾದರೆ ಸಾಕು.

ನಾನು ಕೋರ್ಟಿನ ತರ್ಜುಮೆ ವಿಭಾಗದಿಂದ ನಿವೃತ್ತನಾದವನು. ಸಾಕ್ಷಿಗಳು ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸುವುದರಲ್ಲಿ ನನ್ನ ಯೌವನ ಕಳೆಯಿತು. ನಿವೃತ್ತಿಯ ಸುಮಾರಿಗೆ ಸೊಂಟದ ಮೇಲೆ ಒಂದು ಕೆಂಪು ಮಚ್ಚೆ ಕಾಣಿಸಿಕೊಂಡಿತು. ಮೆಡಿಕಲ್ ಶಾಪಿನವರು ಅದನ್ನು ಹುಳುಕಡ್ಡಿ ಎಂದರು. ಮೊದಲ ಚರ್ಮದ ಡಾಕ್ಟರು ಇಸುಬು ಎಂದರು. ಮಚ್ಚೆ ಇಬ್ಬರಿಗೂ ಎದುರಾಡದೆ ಬೆನ್ನಿಗೆ, ತೊಡೆಗೆ, ತೋಳಿಗೆ ಹಬ್ಬಿತು. ಜಯನಗರದ ಇನ್ನೊಬ್ಬ ಡಾಕ್ಟರು, ವಯಸ್ಸಾದ ಹೆಂಗಸು, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ಏನೂ ಹೆಸರಿಡದೆ ಬೆನ್ನಿನಿಂದ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಫಲಿತಾಂಶ ಬಂದ ದಿನ ನನ್ನ ಹೆಂಡತಿ ಲಲಿತಾಳನ್ನೂ ಒಳಗೆ ಕರೆದರು. ಆಗಲೇ ನನಗೆ ಅರ್ಧ ಅರ್ಥವಾಯಿತು. ಇಸುಬಿಗೆ ಹೆಂಡತಿಯನ್ನು ಕರೆಯುವ ಪದ್ಧತಿಯಿಲ್ಲ.

"ಇದು ಚರ್ಮದ ಕಾಯಿಲೆ ಅಲ್ಲ ಸಾರ್. ರಕ್ತದ ಬಿಳಿ ಕಣಗಳದ್ದು. ಬಂದು ಚರ್ಮದಲ್ಲಿ ಕೂತಿದೆ. ಲಿಂಫೋಮಾ ಅಂತೀವಿ."

"ಅಂದ್ರೆ, ಆ ಕಾಯಿಲೇನಾ?" ಎಂದಳು ಲಲಿತಾ.

"ಹೌದಮ್ಮ. ಆದ್ರೆ ನಿಧಾನದ್ದು. ಕೆಲವರು ಇದರ ಜೊತೇಲೇ ಮುದುಕರಾಗ್ತಾರೆ."

ಲಲಿತಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಇವರು ಆಗ್ಲೇ ಆಗಿದಾರಲ್ಲ ಡಾಕ್ಟ್ರೇ."

ಡಾಕ್ಟರು ನಕ್ಕರು, ನಾನೂ ನಕ್ಕೆ. ಲಲಿತಾ ನಗಲಿಲ್ಲ. ಅವಳು ನಿಜವಾಗಿಯೂ ಲೆಕ್ಕ ಹಾಕುತ್ತಿದ್ದಳು.

ಆಮೇಲಿನದು ಬೆಳಕಿನ ಚಿಕಿತ್ಸೆ. ಟ್ಯೂಬ್‌ಲೈಟುಗಳನ್ನು ಸುತ್ತ ನಿಲ್ಲಿಸಿದ ಬೀರುವಿನಂಥ ಪೆಟ್ಟಿಗೆ; ಅದರೊಳಗೆ ಕಪ್ಪು ಕನ್ನಡಕ ಒಂದನ್ನೇ ಮುಖ್ಯ ಉಡುಪಾಗಿ ಧರಿಸಿ ನಿಲ್ಲಬೇಕು. ಒಂದಷ್ಟು ಕಾಲ ಮಚ್ಚೆಗಳು ಮಾಸಿದವು. ಆಮೇಲೆ ಅವಕ್ಕೆ ಬೆಳಕು ಅಭ್ಯಾಸವಾಯಿತೋ ಏನೋ, ದಪ್ಪಗಾಗಿ ಮರಳಿದವು. ತುರಿಕೆ ತಡೆಯಲಾರದ ಮಟ್ಟಕ್ಕೆ ಬಂದಾಗ ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಶುರು ಮಾಡಿ, ಹೊಸದೊಂದು ಮಾತೆತ್ತಿದರು. ಅವರು ನನ್ನ ಮಗಳ ವಯಸ್ಸಿನವರು. ಪೆನ್ನಿನಿಂದ ಲಕೋಟೆಯ ಹಿಂದೆ ಚಿತ್ರ ಬರೆದು ವಿವರಿಸುತ್ತಾರೆ.

"ಅಂಕಲ್, ಚರ್ಮ ಒಂಥರಾ ಕೆಮಿಕಲ್ ಬಿಟ್ಟು ಈ ಕಣಗಳನ್ನ ಕರೀತಾ ಇರತ್ತೆ. ಕರೆದಿದ್ದನ್ನ ಕೇಳಿಸ್ಕೊಳ್ಳೋಕೆ ಕಣದ ಮೈಮೇಲೆ ಒಂದು ರಿಸೆಪ್ಟರ್ ಇರತ್ತೆ. ಸಿಸಿಆರ್-ಫೋರ್ ಅಂತ ಹೆಸರು. ಅದನ್ನೇ ಗುರುತು ಹಿಡಿದು ಹೊಡೆಯೋ ಔಷಧಿ ಒಂದಿದೆ. ಹೊರದೇಶದಿಂದ ತರಿಸ್ಬೇಕು. ಅದಕ್ಕೆ ಮುಂಚೆ ನಿಮ್ಮ ಕಣಗಳಲ್ಲಿ ಆ ರಿಸೆಪ್ಟರ್ ಇದೆಯೋ ಇಲ್ವೋ ನೋಡ್ಬೇಕು. ಇಲ್ದೇ ಇದ್ರೆ ತರಿಸಿ ಪ್ರಯೋಜನ ಇಲ್ಲ."

"ಕರೆದಿದ್ದಕ್ಕೆ ಬಂದಿವೆ, ಪಾಪ" ಎಂದಳು ಲಲಿತಾ.

ನೋಡುವ ಉಪಾಯವೂ ಸೊಗಸಾಗಿದೆ. ಆಂಟಿಬಾಡಿ ಎಂಬ ಒಂದು ಹನಿ ದ್ರವವನ್ನು ನನ್ನ ಚರ್ಮದ ತೆಳುವಾದ ಪದರದ ಮೇಲೆ ಬಿಡುತ್ತಾರೆ. ಅದು ಆ ರಿಸೆಪ್ಟರಿಗೆ ಮಾತ್ರ ಅಂಟುತ್ತದೆ. ಅಂಟಿದ ಕಡೆ ಕಂದು ಬಣ್ಣ ಏಳುತ್ತದೆ, ಉಳಿದದ್ದು ನೀಲಿಯಾಗಿ ಕಾಣುತ್ತದೆ. ಕಂದು ಕಂಡರೆ ಔಷಧಿ, ಕಾಣದಿದ್ದರೆ ಇಲ್ಲ. ಜೆಪಿ ನಗರದ ಒಂದು ಲ್ಯಾಬಿನಲ್ಲಿ ಇದನ್ನು ಮಾಡುತ್ತಾರೆ. ಚರ್ಮವೇನೋ ಬನಶಂಕರಿಯ ಹಳೆಯ ಲ್ಯಾಬಿನಲ್ಲಿತ್ತು. ಬಯಾಪ್ಸಿಯ ಚೂರನ್ನು ಮೇಣದೊಳಗೆ ಹುದುಗಿಸಿ, ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಇಟ್ಟಿರುತ್ತಾರೆ. ಬ್ಲಾಕ್ ಎನ್ನುತ್ತಾರೆ. ನಮ್ಮ ಊರಿನಲ್ಲಿ ರೋಗಿಯ ಬ್ಲಾಕನ್ನು ಒಂದು ಲ್ಯಾಬಿನಿಂದ ಇನ್ನೊಂದಕ್ಕೆ ಹೊತ್ತೊಯ್ಯುವ ಜವಾಬ್ದಾರಿ ರೋಗಿಯದೇ. ಸಹಿ ಹಾಕಿ ಈಸಿಕೊಂಡು, ಅಂಗಿಯ ಜೇಬಿನಲ್ಲಿ ನನ್ನನ್ನು ನಾನೇ ಇಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ. ಲ್ಯಾಬಿಗೆ ಮಾರನೆಯ ದಿನ ಹೋಗುವುದೆಂದು ತೀರ್ಮಾನವಾಯಿತು.

ಮಾರನೆಯ ದಿನ ಕೌಂಟರಿನ ಹುಡುಗಿ ಕವರಿನಿಂದ ಬ್ಲಾಕನ್ನು ತೆಗೆದು ತಿರುಗಿಸಿ ನೋಡಿದಳು.

"ಸಾರ್, ಇದೇನು ಕೆಂಪಗಿದೆ?"

"ಕುಂಕುಮ" ಎಂದಳು ಲಲಿತಾ, ಊರಿನ ಹೆಸರು ಕೇಳಿದರೆ ಹೇಳುವಷ್ಟು ಸರಾಗವಾಗಿ.

ನಾನು ಅವಳ ಕಡೆ ತಿರುಗಿದೆ. "ಯಾವಾಗ ಹಚ್ಚಿದೆ?"

"ನಿನ್ನೆ ದೇವರ ಮುಂದೆ ಇಟ್ಟಿದ್ದೆ ರೀ. ಮತ್ತೆ ಹಾಗೇ ಕಳಿಸೋದಾ? ಶುಭಾನ ಹಾಲ್ ಟಿಕೆಟ್‌ಗೆ ಹಚ್ಚಿರಲಿಲ್ವಾ? ನಿಮ್ಮ ಪೆನ್ಷನ್ ಪೇಪರ್‌ಗೂ ಹಚ್ಚಿದ್ದೆ."

"ಅದು ಪೇಪರು!"

"ಇದು ನೀವು" ಎಂದಳು.

ನಮ್ಮ ಮನೆಯಲ್ಲಿ ಮುಖ್ಯವಾದ ಯಾವ ವಸ್ತುವೂ ದೇವರ ಮನೆಯಲ್ಲಿ ಒಂದು ರಾತ್ರಿ ಕಳೆಯದೆ ಹೊರಗೆ ಹೋಗುವುದಿಲ್ಲ. ಸ್ಕೂಟರಿನ ಕೀಲಿ, ಮಗಳು ಶುಭಾಳ ಪಾಸ್‌ಪೋರ್ಟು, ಹೊಸ ಕುಕ್ಕರಿನ ಮುಚ್ಚಳ, ಎಲ್ಲವೂ ಆ ದಾರಿಯಲ್ಲಿ ಬಂದವೇ. ನಾನು ಕೂಡ ಕೈಮುಗಿದೇ ಅವನ್ನು ಎತ್ತಿಕೊಂಡಿದ್ದೇನೆ. ನನ್ನ ಚರ್ಮ ಕುಕ್ಕರಿನ ಮುಚ್ಚಳಕ್ಕಿಂತ ಕಡಿಮೆಯದೆಂದು ಯಾವ ಬಾಯಲ್ಲಿ ಹೇಳಲಿ?

ಹುಡುಗಿ ಒಳಗಿನಿಂದ ಡಾಕ್ಟರನ್ನು ಕರೆತಂದಳು. ರೇವತಿ ಮೇಡಂ. ನಲವತ್ತರ ಆಸುಪಾಸು, ಕನ್ನಡಕವನ್ನು ಕೂದಲಿನ ಮೇಲೆ ಸಿಕ್ಕಿಸಿಕೊಂಡಿದ್ದರು. ಅದನ್ನು ಇಳಿಸಿ ಬ್ಲಾಕನ್ನು ಬೆಳಕಿಗೆ ಹಿಡಿದರು.

"ಆಂಟಿ, ದೀಪದ ಹತ್ರ ಇಟ್ಟಿದ್ರಾ?"

"ಪಕ್ಕದಲ್ಲೇ. ಯಾಕೆ?"

"ಕುಂಕುಮ ಒರೆಸಬಹುದು. ಆದ್ರೆ ಬಿಸಿಗೆ ಮೇಣ ಮೆತ್ತಗಾಗಿ ಒಂದು ಕಡೆ ವಾಲಿದೆ. ಮತ್ತೆ ಕರಗಿಸಿ ನೆಟ್ಟಗೆ ಕೂರಿಸ್ಬೇಕು. ಆಮೇಲೆ ಮಟ್ಟ ಆಗೋವರೆಗೂ ಮೇಲಿಂದ ಹೆರೀಬೇಕು. ಹೆರೆದಿದ್ದು ಹೋಯ್ತು. ಚೂರು ಮೊದಲೇ ಚಿಕ್ಕದು."

"ಇನ್ನೊಂದು ಚೂರು ಬೆನ್ನಿಂದ ತಗೊಳ್ಳಿ ಮೇಡಂ, ಬೇಕಾದಷ್ಟಿದೆ" ಎಂದೆ, ಧಾರಾಳವಾಗಿ.

"ಈಗ ಸ್ಟೀರಾಯ್ಡ್ ತಗೋತಿದೀರಲ್ಲ ಅಂಕಲ್. ಈಗಿನ ಚೂರಲ್ಲಿ ಕಣಗಳು ಅಡಗಿರ್ತವೆ, ಸರಿಯಾಗಿ ಹೇಳಲ್ಲ. ಮಾತ್ರೆಗೆ ಮುಂಚಿನ ಈ ಚೂರೇ ಬೇಕು. ನೋಡ್ತೀನಿ, ಎರಡು ಸಲಕ್ಕೆ ಆಗುವಷ್ಟು ಸಿಗಬಹುದು."

ಮನೆಗೆ ಬರುವ ದಾರಿಯುದ್ದಕ್ಕೂ ಲಲಿತಾ ಮಾತಾಡಲಿಲ್ಲ. ನಮ್ಮ ದಾಂಪತ್ಯದಲ್ಲಿ ಮೌನ ನನ್ನ ಇಲಾಖೆ. ಅವಳು ಅದಕ್ಕೆ ಕೈ ಹಾಕಿದ್ದು ಕಂಡು ನನಗೆ ಕಸಿವಿಸಿಯಾಯಿತು.

ಕೆಲವು ದಿನಗಳ ಮೇಲೆ ಅಳಿಯನ ಫೋನು ಬಂತು. ನನ್ನ ಮಗಳು ಶುಭಾಳ ಗಂಡ ಮಂಜುನಾಥ ಧಾರವಾಡದ ಕಡೆಯವನು, ಇಬ್ಬರೂ ಪುಟ್ಟ ಮಗಳೊಂದಿಗೆ ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದಾರೆ. ಒಳ್ಳೆಯ ಸುದ್ದಿಯನ್ನು ಮೆಲ್ಲಗೆ ಹೇಳುವುದು ಅವನಿಗೆ ತಿಳಿಯದು.

"ಮಾವಾರ! ಕಲರ್ ಬಂದೈತಂತ್ರಿ! ಭಾಳ ಸ್ಟ್ರಾಂಗ್ ಬಂದೈತಂತ!"

"ಯಾರು ಹೇಳಿದ್ದು?"

"ಲ್ಯಾಬಿಗೆ ಫೋನ್ ಹಚ್ಚಿದ್ನಿರಿ. ಕೌಂಟರಿನ್ಯಾಕಿ ಹೇಳಿದ್ಲು. ಪೂರಾ ಸ್ಲೈಡ್ ಕಂದು ಆಗೇತಂತ. ಇನ್ನ ಔಷಧ ತರ್ಸೂದ ಬಾಕಿ ನೋಡ್ರಿ."

"ಡಾಕ್ಟರು ನೋಡಿದಾರಂತಾ?"

"ನೋಡ್ತಾರ ಬಿಡ್ರಿ ಮಾವಾರ, ನೀವು ಕೋರ್ಟಿನ ಬುದ್ಧಿ ಬಿಡಂಗಿಲ್ಲ ನೋಡ್ರಿ!"

ಆ ಸಂಜೆ ಅವರಿಬ್ಬರೂ ಪೇಡೆ ಹಿಡಿದು ಬಂದರು. ಲಲಿತಾ ಅಂದು ನಕ್ಕಳು. ಪೇಡೆಯನ್ನು ಅಕ್ಕಪಕ್ಕಕ್ಕೂ ಹಂಚಿದಳು. ಏತಕ್ಕೆಂದು ಕೇಳಿದವರಿಗೆ "ಇವರ ರಿಸೆಪ್ಟರ್ ಬಂತು" ಎಂದಳಂತೆ. ಎದುರುಮನೆಯವರು ಅದನ್ನು ಕೇಬಲ್ ಟಿವಿಗೆ ಸಂಬಂಧಿಸಿದ ಸಾಮಾನೆಂದು ತಿಳಿದು ಅಭಿನಂದಿಸಿದರು. ನಾನೂ ಕೋರ್ಟಿನ ಬುದ್ಧಿ ಬಿಟ್ಟೆ. ಆ ವಾರ ಬೀರುವಿನಿಂದ ಅರ್ಧತೋಳಿನ ಅಂಗಿಯೊಂದನ್ನು ಹೊರತೆಗೆದು ಇಸ್ತ್ರಿಗೆ ಹಾಕಿಸಿದೆ. ಎಷ್ಟು ಬಿಸಿಲಿದ್ದರೂ ಮುಚ್ಚಿಕೊಂಡೇ ತಿರುಗುವವನಿಗೆ ತೋಳಿಗೆ ಗಾಳಿ ತಾಗುವುದೆಂದರೆ ಏನೆಂದು, ಹಾಗೆ ತಿರುಗಿದವರಿಗೆ ಮಾತ್ರ ಗೊತ್ತು.

ಆಮೇಲೆ ರೇವತಿ ಮೇಡಂ ಅವರೇ ಫೋನು ಮಾಡಿದರು. "ಅಂಕಲ್, ಆಂಟಿನ ಕರ್ಕೊಂಡು ಒಂದ್ಸಲ ಬರ್ತೀರಾ? ಫೋನಲ್ಲಿ ಬೇಡ."

ಅವರ ಕೋಣೆಯಲ್ಲಿ ಇಬ್ಬರು ಒಟ್ಟಿಗೆ ನೋಡಬಹುದಾದ ಜೋಡಿ ಸೂಕ್ಷ್ಮದರ್ಶಕವಿತ್ತು. ಒಂದು ಕಡೆ ಅವರು, ಇನ್ನೊಂದು ಕಡೆ ನಾನು.

"ಇದು ನಿಮ್ಮದಲ್ಲ. ಪ್ರತಿ ಸ್ಲೈಡಿನ ಅಂಚಲ್ಲಿ ಒಂದು ಟಾನ್ಸಿಲ್ ತುಣುಕು ಇಡ್ತೀವಿ. ಯಾವುದೋ ಮಗುವಿಗೆ ಗಂಟಲು ಆಪರೇಷನ್ ಆದಾಗ ತೆಗೆದಿದ್ದು. ಟಾನ್ಸಿಲ್‌ನಲ್ಲಿ ಎಲ್ಲಿ ಬಣ್ಣ ಬರಬೇಕು, ಎಲ್ಲಿ ಬರಬಾರದು ಅಂತ ನಮಗೆ ಮೊದಲೇ ಗೊತ್ತಿರತ್ತೆ. ಈ ಆಂಟಿಬಾಡಿಗೆ ಅಲ್ಲೊಂದು ಇಲ್ಲೊಂದು ಕಣ ಮಾತ್ರ ಕಂದು ಆಗ್ಬೇಕು. ಈಗ ಏನು ಕಾಣ್ತಿದೆ ಹೇಳಿ?"

"ಎಲ್ಲಾ ಕಂದು."

"ಅದೇ ತೊಂದ್ರೆ. ನಿಮ್ಮ ಚರ್ಮದಲ್ಲೂ ಹೀಗೇ. ಬೆವರಿನ ಗ್ರಂಥಿ, ಕೂದಲಿನ ಬುಡ, ಎಲ್ಲಾ ಕಂದು. ಈ ಬಾಟ್ಲಿ ಆಂಟಿಬಾಡಿ ಸಿಕ್ಕಿದ್ದಕ್ಕೆಲ್ಲಾ ಅಂಟ್ಕೊಂಡಿದೆ. ನಮ್ಮ ಹುಡುಗಿ ಅವಸರಪಟ್ಟು ಫೋನಲ್ಲಿ ಹೇಳ್ಬಿಟ್ಟಿದಾಳೆ. ಇದನ್ನ ನಾನು ರಿಪೋರ್ಟ್ ಮಾಡಲ್ಲ."

ನನಗೆ ಇಂಥ ಸಾಕ್ಷಿಗಳ ಪರಿಚಯ ಚೆನ್ನಾಗಿತ್ತು. ಜಗಳ ಕಣ್ಣಾರೆ ನೋಡಿದ್ದು ನಿಜವೇ ಎಂದರೆ ಹೌದು ಸ್ವಾಮಿ. ಆ ದಿನ ನೀನು ಊರಲ್ಲೇ ಇರಲಿಲ್ಲ ಅಲ್ಲವೇ ಎಂದರೆ ಅದಕ್ಕೂ ಹೌದು ಸ್ವಾಮಿ. ಅಂಥವರ ಹೇಳಿಕೆಯನ್ನು ತರ್ಜುಮೆ ಮಾಡುವುದು ಸುಲಭ, ನಂಬುವುದು ಅಸಾಧ್ಯ. ಇದನ್ನೇ ಮೇಡಂಗೆ ಹೇಳಿದೆ.

"ಕರೆಕ್ಟ್ ಅಂಕಲ್. ಎಲ್ಲದಕ್ಕೂ ಹೌದು ಅನ್ನೋದು, ಏನೂ ಹೇಳದೇ ಇರೋದು, ಎರಡೂ ಒಂದೇ."

ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಲಲಿತಾ ಆಗ ಬಾಯಿ ಬಿಟ್ಟಳು. "ನನ್ನ ಕುಂಕುಮದಿಂದಾನಾ ಡಾಕ್ಟ್ರೇ?"

"ಅಯ್ಯೋ ಇಲ್ಲ ಆಂಟಿ. ಟಾನ್ಸಿಲ್‌ಗೆ ನೀವು ಕುಂಕುಮ ಹಚ್ಚಿಲ್ವಲ್ಲ? ಅದೂ ಹಾಳಾಗಿದೆ. ಬಾಟ್ಲಿದೇ ತಪ್ಪು. ಬೇರೆ ಕಡೆಯಿಂದ ಇನ್ನೊಂದು ಆಂಟಿಬಾಡಿ ತರಿಸ್ತಿದೀನಿ. ಬ್ಲಾಕಲ್ಲಿ ಇನ್ನೊಂದು ಸಲಕ್ಕೆ ಆಗುವಷ್ಟಿದೆ."

ತರ್ಕ ಅಚ್ಚುಕಟ್ಟಾಗಿತ್ತು. ಲಲಿತಾ ತಲೆದೂಗಿದಳು, ನಂಬಲಿಲ್ಲ. 'ಇನ್ನೊಂದೇ ಸಲ' ಎಂಬುದಷ್ಟೇ ಅವಳ ಕಿವಿಗೆ ಬಿದ್ದಿತ್ತು.

ಮತ್ತೆ ಕಾಯುವುದು. ಆಂಟಿಬಾಡಿ ಐಸಿನ ಪೆಟ್ಟಿಗೆಯಲ್ಲಿ ಪ್ರಯಾಣ ಮಾಡುತ್ತದಂತೆ, ಬಿಸಿಲು ತಾಗಬಾರದಂತೆ; ಅದರ ಯೋಗಕ್ಷೇಮವನ್ನು ಮಂಜುನಾಥ ವಿಚಾರಿಸಿ ವಿಚಾರಿಸಿ ವರದಿ ಮಾಡುತ್ತಿದ್ದ, ಈ ಸಲ ತಗ್ಗಿದ ದನಿಯಲ್ಲಿ. ಪೇಡೆ ತಿಂದವರು ಎಲ್ಲಿಗೆ ಬಂತೆಂದು ಕೇಳುತ್ತಿದ್ದರು. ಆ ದಿನಗಳಲ್ಲಿ ಲಲಿತಾ ಯಾವುದಕ್ಕೂ ಕುಂಕುಮ ಹಚ್ಚಲಿಲ್ಲ. ಹೊಸ ಗ್ಯಾಸ್ ಒಲೆ ಬಂದಾಗಲೂ ನೇರವಾಗಿ ಹಾಲು ಕಾಯಿಸಿದಳು. ನಾನೇ ಎದ್ದು ಒಲೆಗೆ ಒಂದು ಬೊಟ್ಟಿಟ್ಟೆ. ಅವಳು ನೋಡಿ, ಹಾಲಿನ ಪಾತ್ರೆ ಇಳಿಸಿದಳು.

ದಣಿವಿನ ಬಗ್ಗೆ ಒಂದು ಮಾತು. ನೋವಿಗಾದರೆ ಒಂದು ಶುರು, ಒಂದು ಕೊನೆ ಇರುತ್ತದೆ. ತುರಿಕೆ ಹಾಗಲ್ಲ, ಅದು ಮುಗಿಯದ ಮೀಟಿಂಗು. ಕೆರೆಯಬೇಡಿ ಎಂದು ಡಾಕ್ಟರು ಹೇಳುತ್ತಾರೆ, ಕೆರೆದರೆ ಹುಣ್ಣಾಗಿ ಸೋಂಕು ತಗಲುತ್ತದೆ. ಕೆರೆಯದೆ ಕೂರುವುದೇ ಒಂದು ಪೂರ್ಣಾವಧಿ ಉದ್ಯೋಗ. ಪೇಪರು ಓದಿದರೆ ಅದೇ ಸಾಲು ಮತ್ತೆ ಬರುತ್ತದೆ. ಮೊಮ್ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿ, ಚರ್ಮದ ಹೊಟ್ಟುದುರುವುದು ನೆನಪಾಗಿ ಹಿಂದೆ ತೆಗೆಯುತ್ತೇನೆ; ಅಂಟುರೋಗವಲ್ಲವೆಂದು ಡಾಕ್ಟರು ಬರಹದಲ್ಲಿ ಕೊಟ್ಟಿದ್ದಾರೆ, ಆದರೂ.

ಒಂದು ದಿನ ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕಕ್ಕೆ ಒಬ್ಬರು ಬಂದು ಕೂತರು. ಸುದ್ದಗುಂಟೆಪಾಳ್ಯದಲ್ಲಿ ಪಂಕ್ಚರ್ ಅಂಗಡಿಯಂತೆ. ಅವರದೂ ತುಂಬುತೋಳು.

"ತುರಿಕೇನಾ ಸಾರ್?"

"ತುರಿಕೆ."

"ಫ್ಯಾನ್ ಜೋರಾಗ್ ಹಾಕಿದ್ರೂ ಹೋಗಲ್ಲ, ಅಲ್ವಾ?"

"ಹೋಗಲ್ಲ."

ಅವರು ಸೋಪಿನ ಮಾತು ಎತ್ತಲೇ ಇಲ್ಲ. ಟೋಕನ್ ಕೂಗುವವರೆಗೂ ಇಬ್ಬರೂ ಎದುರುಗೋಡೆ ನೋಡುತ್ತಾ ಕೂತಿದ್ದೆವು. ಇಷ್ಟು ಹಾಯಾದ ಸಂಭಾಷಣೆ ನನ್ನದು ಬಹಳ ಕಾಲದಿಂದ ಆಗಿರಲಿಲ್ಲ.

ಕೊನೆಗೆ ರೇವತಿ ಮೇಡಂ ಕರೆದರು. ಮತ್ತೆ ಅದೇ ಜೋಡಿ ಸೂಕ್ಷ್ಮದರ್ಶಕ, ಅದೇ ಸ್ಟೂಲು. ಮೊದಲು ಟಾನ್ಸಿಲ್ ತೋರಿಸಿದರು. ಎಲ್ಲೆಲ್ಲೂ ತಿಳಿನೀಲಿ, ನಡುನಡುವೆ ಅಲ್ಲೊಂದು ಇಲ್ಲೊಂದು ಕಣ ಕಂದಾಗಿ, ಅಂಚು ಚೂಪಾಗಿ, ಸ್ಪಷ್ಟವಾಗಿತ್ತು. ಎಲ್ಲಿ ಹೌದೋ ಅಲ್ಲಿ ಹೌದು, ಎಲ್ಲಿ ಇಲ್ಲವೋ ಅಲ್ಲಿ ಇಲ್ಲ. ಆ ಮಗು ಯಾವುದೋ, ಈಗ ಎಲ್ಲಿ ಐಸ್‌ಕ್ರೀಮ್ ತಿನ್ನುತ್ತಿದೆಯೋ, ತನ್ನ ಗಂಟಲಿನ ಚೂರು ಜೆಪಿ ನಗರದಲ್ಲಿ ಒಬ್ಬ ಮುದುಕನಿಗಾಗಿ ಇಷ್ಟು ಸತ್ಯವಾಗಿ ಸಾಕ್ಷಿ ಹೇಳುತ್ತಿದೆಯೆಂದು ಅದಕ್ಕೇನು ಗೊತ್ತು?

"ಈ ಸಲ ಆಂಟಿಬಾಡಿ ಸರಿಯಿದೆ" ಎಂದು ಹೇಳಿ ಮೇಡಂ ಸ್ಲೈಡನ್ನು ಸರಿಸಿದರು. "ಇದು ನೀವು."

ನೀಲಿ. ಸಾಲುಸಾಲಾಗಿ ಒತ್ತಿಕೊಂಡು ನಿಂತ ಕಣಗಳು, ನನ್ನ ಇಷ್ಟು ವರ್ಷಗಳ ಉಪದ್ರವ, ಎಲ್ಲಾ ನೀಲಿ. ನಾನು ಸಮುದ್ರದಲ್ಲಿ ದೋಣಿ ಹುಡುಕುವವನಂತೆ ಹುಡುಕಿದೆ.

"ಅಲ್ಲೊಂದು ಇದೆಯಲ್ಲ ಮೇಡಂ! ಎಡಗಡೆ. ಕಂದು!"

"ಅದು ನಿಮ್ಮ ಒಳ್ಳೇ ಕಣ ಅಂಕಲ್. ಕಾಯಿಲೆದಲ್ಲ."

ನನ್ನದೇ ಒಂದು ಒಳ್ಳೆಯ ಕಣವನ್ನು ಕಂಡು ಇಷ್ಟು ನಿರಾಸೆಯಾದೀತೆಂದು ನಾನೆಣಿಸಿರಲಿಲ್ಲ.

"ಅಂದ್ರೆ ಆ ಔಷಧಿ?"

"ನಿಮಗೆ ಆಗಲ್ಲ ಅಂಕಲ್. ಹಾಗೇ ಬರೀತೀನಿ."

ಆಗ ನಾನು ಕೇಳಿದ ಪ್ರಶ್ನೆಯನ್ನು, ನನ್ನ ಇಡೀ ವೃತ್ತಿಜೀವನಕ್ಕೆ ಅವಮಾನವಾದರೂ, ಇಲ್ಲಿ ದಾಖಲಿಸಲೇಬೇಕು. "ಇನ್ನೊಂದ್ಸಲ ನೋಡೋಕಾಗಲ್ವಾ ಮೇಡಂ? ಬೇಕಾದ್ರೆ ಆ ಹಳೇ ಬಾಟ್ಲಿಲೇ..."

"ಯಾವ್ದು? ಎಲ್ಲದಕ್ಕೂ ಹೌದು ಅಂದಿದ್ದಾ?"

ನಾನು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ತೆಗೆದರೆ ಅವರ ಮುಖ ನೋಡಬೇಕಾಗುತ್ತಿತ್ತು. ಸುಳ್ಳು ಸಾಕ್ಷಿಗಳನ್ನು ಸಾಲಾಗಿ ಕಂಡವನು ನಾನು. ಅವರನ್ನು ಕರೆತರುವವರ ಎದೆಯಲ್ಲಿ ಏನಿರುತ್ತದೆಂದು ಅಂದಿನವರೆಗೂ ತಿಳಿದಿರಲಿಲ್ಲ.

ಹಿಂದಿನಿಂದ ಲಲಿತಾ ಕೇಳಿದಳು. "ಚೂರು ಮುಗೀತಾ ಡಾಕ್ಟ್ರೇ?"

"ಮುಗೀತು ಆಂಟಿ."

"ನಾನು ದೀಪದ ಹತ್ರ ಇಡದೇ ಇದ್ದಿದ್ರೆ ಇನ್ನೊಂದ್ಸಲ ಮಾಡಬಹುದಿತ್ತು."

ರೇವತಿ ಮೇಡಂ ಕುರ್ಚಿಯನ್ನು ಪೂರ್ತಿ ಅವಳ ಕಡೆ ತಿರುಗಿಸಿದರು. "ಚೂರು ಒಂದು ಬಟ್ಟಲು ಉಳಿದಿದ್ರೂ ನಾನು ಮಾಡ್ತಿರಲಿಲ್ಲ ಆಂಟಿ. ಟಾನ್ಸಿಲ್ ಸರಿಯಾಗಿ ಹೇಳಿದೆ. ಇನ್ನು ಹತ್ತು ಸಲ ಮಾಡಿದ್ರೂ ಇದೇ ಉತ್ತರ. ನಿಮ್ಮಿಂದ ಏನೂ ಹೋಗಿಲ್ಲ."

ಲಲಿತಾ ಸೆರಗಿನಿಂದ ಮುಖ ಒರೆಸಿಕೊಂಡು, ಬಹಳ ದಿನಗಳ ಮೇಲೆ ಅವಳದೇ ದನಿಯಲ್ಲಿ ವ್ಯವಹಾರಕ್ಕಿಳಿದಳು. "ಮುಂದೇನು ಹಾಗಿದ್ರೆ?"

"ಬೇರೆ ಮಾತ್ರೆಗಳಿವೆ. ನಿಧಾನ, ಆದ್ರೆ ಇವೆ. ಅವರ ಡಾಕ್ಟರ ಜೊತೆ ನಾನೇ ಮಾತಾಡ್ತೀನಿ."

"ಸರಿ. ಏಳಿ ರೀ. ಆ ಗಾಜು ಎಷ್ಟು ನೋಡಿದ್ರೂ ಅಷ್ಟೇ."

ಹೊರಗೆ ಆಟೋ ಹತ್ತಿದೆವು. ಬನಶಂಕರಿಯ ಕಡೆಯ ಸಿಗ್ನಲ್ಲಿನಲ್ಲಿ ಎಂದಿನಂತೆ ನಿಂತೆವು. ಬಿಸಿಲು, ಬಸ್ಸಿನ ಹೊಗೆ, ಬೆವರು. ಎರಡು ಹೆಗಲುಗಳ ನಡುವೆ, ಕೈ ಎಟುಕದ ಜಾಗದಲ್ಲಿ, ತುರಿಕೆ ಎದ್ದಿತು. ನಾನು ಸೀಟಿಗೆ ಬೆನ್ನು ಉಜ್ಜಲು ಹೊರಟೆ.

"ಉಜ್ಜಬೇಡಿ" ಎಂದಳು ಲಲಿತಾ. ಹೇಳಿದವಳು ನನ್ನ ಅಂಗಿಯ ಕಾಲರಿನ ಒಳಗೆ, ನಡುರಸ್ತೆಯಲ್ಲಿ, ಹಾಡಹಗಲಲ್ಲಿ ಕೈ ಇಳಿಬಿಟ್ಟಳು. ಮದುವೆಯಾದಾಗಿನಿಂದ ರಸ್ತೆಯಲ್ಲಿ ನಾವು ಒಬ್ಬರಿಗೊಬ್ಬರು ಮಾರು ದೂರ ನಡೆದವರು. ಮಚ್ಚೆಗಳು ದಪ್ಪಗೆ ಎದ್ದಿದ್ದ ಜಾಗದಲ್ಲೇ ಅವಳ ಅಂಗೈ ಬಂದು ಕೂತಿತು.

"ಏನ್ ಮಾಡ್ತಿದೀಯ? ಕೆರೀಬಾರ್ದು."

"ಕೆರೀತಿಲ್ಲ. ಒತ್ತಿ ಹಿಡ್ಕೊಂಡಿದೀನಿ. ಸುಮ್ನೆ ಕೂತ್ಕೊಳಿ."

ಡ್ರೈವರು ಕನ್ನಡಿಯಲ್ಲಿ ನೋಡಿದ. "ಅಂಕಲ್‌ಗೆ ಹುಷಾರಿಲ್ವಾ ಅಮ್ಮ?"

"ಇಲ್ಲ. ನೀವು ಸಿಗ್ನಲ್ ನೋಡಿ" ಎಂದಳು.

ಹಸಿರು ಬಿತ್ತು. ತುರಿಕೆ ಹೋಗಲಿಲ್ಲ, ಆ ಅಂಗೈಯ ಕೆಳಗೆ ಸ್ವಲ್ಪ ಹೊತ್ತು ಸುಮ್ಮನಿತ್ತು.